ಪೊಲೀಸ್ ಕ್ಲಿಯರೆನ್ಸ್ ಅರ್ಜಿ ಇನ್ನು ನಿಮ್ಮ ಇಮೇಲಿನಿಂದಲೇ

ನಮ್ಮ ಎಲ್ಲ ಗ್ರಾಹಕರಿಗೆ ನಮಸ್ಕಾರ.

ಮುಂದಿನ ತಿಂಗಳ 1ನೇ ತಾರೀಖಿನಿಂದ ನಮ್ಮ ಉಡುಪಿ ಆಫೀಸಿನಲ್ಲಿ ಕೆಲಸ ನಡೆಯುವ ರೀತಿ ಬದಲಾಗುತ್ತಿದೆ. ನೀವು ಹಿಂದೆ ಇದ್ದ ದೇಶದಿಂದ ಪೊಲೀಸ್ ಕ್ಲಿಯರೆನ್ಸ್ (ಪಿಸಿಸಿ), ಅಂದರೆ ಅಲ್ಲಿನ ಪೊಲೀಸ್ ದಾಖಲೆಯಲ್ಲಿ ನಿಮ್ಮ ಮೇಲೆ ಏನಾದರೂ ಇದೆಯೋ ಇಲ್ಲವೋ ಅಂತ ಹೇಳುವ ಸರ್ಟಿಫಿಕೇಟ್, ತರಿಸುವುದನ್ನು ಇಷ್ಟು ದಿನ ಪೂರ್ತಿ ನಾವೇ ಮಾಡಿಕೊಡುತ್ತಿದ್ದೆವು. ನೀವು ಪಾಸ್‌ಪೋರ್ಟ್ ಕಾಪಿ ಕೊಟ್ಟು, ಎರಡು ಕಡೆ ಸಹಿ ಹಾಕಿ ಮನೆಗೆ ಹೋದರೆ ಸಾಕಿತ್ತು. ಅರ್ಜಿ ನಮ್ಮ ಇಮೇಲಿನಿಂದ ಹೋಗುತ್ತಿತ್ತು, ಫೀಸು ನಮ್ಮ ಕಾರ್ಡಿನಿಂದ, ಫೋನ್ ನಂಬರೂ ನಮ್ಮದೇ. ಇನ್ನು ಮುಂದೆ ಹಾಗೆ ಮಾಡುವುದಿಲ್ಲ. ಅರ್ಜಿ ನಿಮ್ಮ ಇಮೇಲಿನಿಂದ, ನಿಮ್ಮ ಫೋನ್ ನಂಬರಿನಿಂದ, ನಿಮ್ಮ ಕಾರ್ಡಿನಿಂದಲೇ ಹೋಗಬೇಕು. ನಾವು ಪಕ್ಕದಲ್ಲಿ ಕೂತು ಸಹಾಯ ಮಾಡುತ್ತೇವೆ.

ಯಾಕೆ ಅಂತ ಹೇಳಲೇಬೇಕು, ಯಾಕೆಂದರೆ ತಪ್ಪು ನಮ್ಮದು.

ಕಳೆದ ವರ್ಷ ನರ್ಸ್ ಅಕ್ಕ ಒಬ್ಬರು ಬಂದಿದ್ದರು. ಎರಡು ದೇಶಗಳಲ್ಲಿ ಕೆಲಸ ಮಾಡಿ ಊರಿಗೆ ವಾಪಸ್ ಬಂದವರು. ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ, ಅಂದರೆ ವಯಸ್ಸು, ಓದು, ಅನುಭವಕ್ಕೆ ಅಂಕ ಕೊಟ್ಟು ಕಾಯಂ ವಾಸಕ್ಕೆ ಜನರನ್ನು ಆರಿಸುವ ವ್ಯವಸ್ಥೆಯಲ್ಲಿ, ಅರ್ಜಿ ಹಾಕಿ ಅಂತ ಅವರಿಗೆ ಕರೆ ಬಂದಿತ್ತು. ಆ ಕರೆ ಬಂದ ಮೇಲೆ ಎಲ್ಲ ಕಾಗದ ಸೇರಿಸಿ ಅರ್ಜಿ ಹಾಕಲು ಸಿಗುವುದು 60 ದಿನ ಮಾತ್ರ. ಅವರು ಮೂರನೇ ದಿನವೇ ನಮ್ಮಲ್ಲಿಗೆ ಬಂದರು, ಅಷ್ಟು ಜಾಗ್ರತೆ. ನಾವೂ ಅದೇ ವಾರ ಎರಡೂ ದೇಶಗಳಿಗೆ ಅರ್ಜಿ ಕಳಿಸಿದೆವು. ಒಂದು ಬಂತು. ಇನ್ನೊಂದು ದೇಶದಿಂದ ಹಳೇ ಪಾಸ್‌ಪೋರ್ಟಿನ ಸ್ಪಷ್ಟ ಕಾಪಿ ಕೇಳಿ ಮೇಲ್ ಬಂತು, ಅದು ನಮ್ಮ ಆಫೀಸಿನ ಮೇಲ್‌ಗೆ. ಆ ಮೇಲ್ ನೋಡುತ್ತಿದ್ದ ಹುಡುಗ ಅಷ್ಟರಲ್ಲಿ ಕೆಲಸ ಬಿಟ್ಟಿದ್ದ. ನಾವು ಅದನ್ನು ತೆರೆದಾಗ 23 ದಿನ ಆಗಿಹೋಗಿತ್ತು.

ಇಷ್ಟೇ ಆಗಿದ್ದರೆ ಇನ್ನೂ ಒಂದು ದಾರಿ ಇತ್ತು. ಸರ್ಟಿಫಿಕೇಟ್ ಸಮಯಕ್ಕೆ ಸಿಗದಿದ್ದರೆ, ನಾನು ಇಂಥ ದಿನ ಅರ್ಜಿ ಹಾಕಿದ್ದೇನೆ, ಇಲ್ಲಿದೆ ರಸೀದಿ ಅಂತ ವಿವರಣೆಯ ಪತ್ರದ ಜೊತೆ ತೋರಿಸಲು ಕೆನಡಾ ಅವಕಾಶ ಕೊಡುತ್ತದೆ. ಆದರೆ ರಸೀದಿ ನಮ್ಮ ಆಫೀಸಿನ ಹೆಸರಲ್ಲಿತ್ತು. ಮೇಲ್ ನಮ್ಮದು. ಆ ಅಕ್ಕನ ಕೈಯಲ್ಲಿ ಅವರ ಹೆಸರಿನ ಒಂದು ಚೀಟಿಯೂ ಇರಲಿಲ್ಲ. ಕರೆ ಕೈತಪ್ಪಿತು. ಮುಂದಿನ ಕರೆಗೆ ಕಾಯುತ್ತಿದ್ದಾಗ ಹುಟ್ಟುಹಬ್ಬ ಬಂತು. 30 ದಾಟಿದವರಿಗೆ ಪ್ರತಿ ವರ್ಷ ವಯಸ್ಸಿನ ಅಂಕ ಕಡಿಮೆ ಆಗುತ್ತಾ ಹೋಗುತ್ತದೆ, ಅದು ನಿಮಗೆ ಗೊತ್ತಿರುವುದೇ. ಅವರು ಜಗಳ ಮಾಡಲಿಲ್ಲ. "ನಿಮ್ಮನ್ನು ನಂಬಿ ಕೂತಿದ್ದೆ ಅಲ್ವಾ" ಅಂದರು ಅಷ್ಟೇ. ಅವರ ದುಡ್ಡು ವಾಪಸ್ ಕೊಟ್ಟೆವು. ಆದರೆ ಹೋದ ಅಂಕ ವಾಪಸ್ ಕೊಡಲು ನಮ್ಮಿಂದ ಆಗಲಿಲ್ಲ.

ಆಮೇಲೆ ನಾವೆಲ್ಲ ಕೂತು ಮಾತಾಡಿದೆವು. ಮೇಲ್ ನೋಡಲು ಇನ್ನೊಬ್ಬರನ್ನು ಇಟ್ಟರೆ ಸಾಕು ಅಂತ ಮೊದಲು ಅನ್ನಿಸಿತ್ತು. ಆದರೆ ಈ ಸರ್ಟಿಫಿಕೇಟ್ ನಿಮ್ಮದು, ನಿಮ್ಮ ಬದುಕಿನ ಆರೇಳು ವರ್ಷದ ಲೆಕ್ಕ ಅದರಲ್ಲಿದೆ. ಅಲ್ಲಿಂದ ಬರುವ ಪ್ರಶ್ನೆ ಮೊದಲು ನಿಮಗೇ ತಲುಪಬೇಕು. ಅದಕ್ಕೇ ಈ ಬದಲಾವಣೆ.

ಇನ್ನು ಮುಂದೆ ಹೇಗೆ ನಡೆಯುತ್ತದೆ ಅಂತ ಹೇಳುತ್ತೇವೆ. ನೀವು ಒಂದು ಸಲ ಆಫೀಸಿಗೆ ಬರಬೇಕು, ಫೋನ್ ಜೊತೆಗಿರಲಿ, ಇಮೇಲ್ ಪಾಸ್‌ವರ್ಡ್ ನೆನಪಿರಲಿ. ಪಾಸ್‌ವರ್ಡ್ ನಮಗೆ ಹೇಳಬೇಡಿ, ನೀವೇ ಟೈಪ್ ಮಾಡಿ. ಒಟಿಪಿಯೂ ಅಷ್ಟೇ. ಹೊಸ ಪಾಸ್‌ಪೋರ್ಟ್ ಜೊತೆ ಹಳೇದನ್ನೂ ತನ್ನಿ. ಮೂಲೆ ಕತ್ತರಿಸಿದ, ಕಪಾಟಿನ ಒಳಗೆ ಎಲ್ಲೋ ಬಿದ್ದಿರುವ ಆ ಪಾಸ್‌ಪೋರ್ಟೇ ಇಲ್ಲಿ ಮುಖ್ಯ, ಯಾಕೆಂದರೆ ನೀವು ಆ ದೇಶದಲ್ಲಿ ಇದ್ದದ್ದು ಆ ನಂಬರಿನಲ್ಲಿ. ಬತಾಕ, ಇಕಾಮಾ, ಎಮಿರೇಟ್ಸ್ ಐಡಿ, ಅಲ್ಲಿ ನಿಮಗೆ ಕೊಟ್ಟ ಗುರುತಿನ ಕಾರ್ಡ್ ಏನಿದೆಯೋ ಅದರ ಎರಡೂ ಬದಿ ಬೇಕು. ಕಾರ್ಡ್ ವಾಪಸ್ ಕೊಟ್ಟು ಬಂದಿದ್ದರೆ ಹಳೇ ಫೋನಿನಲ್ಲಿ, ಹಳೇ ವಾಟ್ಸಾಪಿನಲ್ಲಿ ಹುಡುಕಿ, ಹೆಚ್ಚಿನವರಿಗೆ ಅಲ್ಲಿ ಸಿಗುತ್ತದೆ. ಈಗಲೂ ಗಲ್ಫಿನಲ್ಲಿ ಇರುವ ನಿಮ್ಮ ತಮ್ಮನಿಗೋ ಬಾವನಿಗೋ ಇವತ್ತೇ ಹೇಳಿ, ಬರುವ ಮೊದಲು ಇದೆಲ್ಲದರ ಫೋಟೋ ತೆಗೆದಿಟ್ಟುಕೊಳ್ಳಲಿ.

ಬೆರಳಚ್ಚಿನ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಎಷ್ಟೋ ಅರ್ಜಿ ನಿಲ್ಲುವುದು ಇಲ್ಲಿಯೇ. ಅಮೆರಿಕದಲ್ಲಿ ಇದ್ದು ಬಂದವರಿಗೆ ಅಲ್ಲಿನ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಕೊಡುವ ದಾಖಲೆ ಬೇಕು, ಅದು ಬೆರಳಚ್ಚು ಇಲ್ಲದೆ ಬರುವುದಿಲ್ಲ. ಅದರ ಕಾರ್ಡಿನಲ್ಲಿ 14 ಚೌಕ ಇವೆ. ಹತ್ತು ಬೆರಳಿಗೆ ಹತ್ತು, ಆಮೇಲೆ ಎರಡೂ ಕೈಯ ನಾಲ್ಕು ನಾಲ್ಕು ಬೆರಳು ಒಟ್ಟಿಗೆ, ಎರಡೂ ಹೆಬ್ಬೆರಳು ಬೇರೆ ಬೇರೆ. ಬೆರಳನ್ನು ಸುಮ್ನೆ ಒತ್ತಿದರೆ ಆಗದು. ಉಗುರಿನ ಈ ಅಂಚಿನಿಂದ ಆ ಅಂಚಿನವರೆಗೆ ಒಂದೇ ಸಲ ಉರುಳಿಸಬೇಕು. ಮಸಿ ಜಾಸ್ತಿ ಆದರೆ ಗೆರೆಗಳ ನಡುವಿನ ಬಿಳಿ ತುಂಬಿಹೋಗುತ್ತದೆ, ಕಡಿಮೆ ಆದರೆ ಗೆರೆ ಕಾಣುವುದಿಲ್ಲ. ಕೈ ಬಿಗಿ ಹಿಡಿದು ನೀವೇ ಉರುಳಿಸಲು ನೋಡುತ್ತೀರಿ, ಎಲ್ಲರೂ ಹಾಗೆ ಮಾಡುತ್ತಾರೆ, ದಯವಿಟ್ಟು ಕೈ ಸಡಿಲ ಬಿಡಿ, ಉರುಳಿಸುವುದು ನಮ್ಮ ಕೆಲಸ. ದಿನವಿಡೀ ಸ್ಯಾನಿಟೈಸರ್ ಹಚ್ಚಿದ ನರ್ಸ್‌ಗಳ ಬೆರಳು, ಸಿಮೆಂಟಿನಲ್ಲಿ ದುಡಿದವರ ಬೆರಳು ಸವೆದಿರುತ್ತವೆ. ಅಂಥವರು ಬರುವ ಮುಂಚಿನ ಒಂದು ವಾರ ರಾತ್ರಿ ಮಲಗುವಾಗ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ, ಬರುವ ದಿನ ಮಾತ್ರ ಬೇಡ. ಬೆರಳ ತುದಿಗೆ ಮದರಂಗಿ ಹಾಕಿದ್ದರೆ ಬಣ್ಣ ಹೋಗುವವರೆಗೆ ಕಾಯುವುದು ಒಳ್ಳೆಯದು. ನಾವು ಒಂದಲ್ಲ, ಮೂರು ಕಾರ್ಡ್ ಮಾಡಿಕೊಡುತ್ತೇವೆ. ಅದನ್ನು ನೀವೇ ವೆಸ್ಟ್ ವರ್ಜೀನಿಯಾದ ಕ್ಲಾರ್ಕ್ಸ್‌ಬರ್ಗ್‌ಗೆ ಕೊರಿಯರ್ ಮಾಡಬೇಕು. ಎಫ್‌ಬಿಐ ಫೀಸು 18 ಡಾಲರ್, ಆನ್‌ಲೈನಿನಲ್ಲಿ ಕಟ್ಟುವಾಗ ಉತ್ತರದ ಲಿಂಕ್ ಬರುವುದು ಅರ್ಜಿಯಲ್ಲಿರುವ ಇಮೇಲಿಗೇ. ಜಾಸ್ತಿ ದುಡ್ಡು ಕೊಟ್ಟರೆ ಬೇಗ ಕೊಡುವ ವ್ಯವಸ್ಥೆ ಎಫ್‌ಬಿಐಯಲ್ಲಿ ಇಲ್ಲ, ಹಾಗೆ ಯಾರಾದರೂ ಹೇಳಿದರೆ ನಂಬಬೇಡಿ.

ಬ್ರಿಟನ್ನಿನದು ಇಷ್ಟು ಕಷ್ಟ ಇಲ್ಲ. ಅಲ್ಲಿ ಆಕ್ರೋ ಎಂಬ ಕಚೇರಿ ಕೊಡುತ್ತದೆ, ಆನ್‌ಲೈನ್ ಅರ್ಜಿ, ನೀವಿದ್ದ ವಿಳಾಸಗಳು ಸರಿಯಾಗಿ ನೆನಪಿದ್ದರೆ ಅರ್ಧ ಕೆಲಸ ಆದಂತೆ. ಒಂದೇ ಮಾತು, ಸರ್ಟಿಫಿಕೇಟಿನಲ್ಲಿ 'ನೋ ಟ್ರೇಸ್' ಅಂತ ಬಂದರೆ ಹೆದರಬೇಡಿ. ಆ ಪದ ನೋಡಿ ಗಾಬರಿಯಾಗಿ ಫೋನ್ ಮಾಡಿದವರು ಇದ್ದಾರೆ. ನಿಮ್ಮ ಮೇಲೆ ಅಲ್ಲಿನ ಪೊಲೀಸ್ ದಾಖಲೆಯಲ್ಲಿ ಏನೂ ಇಲ್ಲ ಅಂತಲೇ ಅದರ ಅರ್ಥ. 'ನೋ ಲೈವ್ ಟ್ರೇಸ್' ಅಂತ ಬಂದರೆ ಮಾತ್ರ ನಮಗೆ ತೋರಿಸಿ, ಅದು ಬೇರೆ, ಹಳೇ ದಾಖಲೆ ಏನೋ ಇದೆ, ಆದರೆ ಸರ್ಟಿಫಿಕೇಟಿನಲ್ಲಿ ತೋರಿಸಿಲ್ಲ ಅಂತ ಅದರ ಅರ್ಥ.

ಸೌದಿ, ಕುವೈತ್ ಇದ್ದು ಬಂದವರಿಗೆ ದಾರಿ ಉದ್ದ. ಇಲ್ಲಿನ ಪೊಲೀಸರ ಹತ್ತಿರ ಬೆರಳಚ್ಚು, ಆಮೇಲೆ ವಿದೇಶಾಂಗ ಸಚಿವಾಲಯದ ಮುದ್ರೆ, ಆಮೇಲೆ ದೆಹಲಿ ಅಥವಾ ಮುಂಬೈಯಲ್ಲಿರುವ ಆ ದೇಶದ ಕಚೇರಿ. ಸೌದಿಯದಕ್ಕೆ ಅಲ್ಲಿ ಓಡಾಡಲು ನಿಮ್ಮ ಪರವಾಗಿ ಒಬ್ಬರು ಬೇಕಾಗುತ್ತಾರೆ. ಈ ಬೆರಳಚ್ಚನ್ನು ನಾವು ತೆಗೆಯಲು ಬರುವುದಿಲ್ಲ, ಆದರೆ ಪೊಲೀಸರ ಹತ್ತಿರ ನಿಮ್ಮ ಜೊತೆ ಬರುತ್ತೇವೆ. ಸರ್ಟಿಫಿಕೇಟ್ ಬರೀ ಅರೇಬಿಕ್‌ನಲ್ಲಿ ಬಂದರೆ ಅನುವಾದವೂ ಮಾಡಿಸಬೇಕು, ಅದಕ್ಕೂ ದಿನ ಇಟ್ಟುಕೊಳ್ಳಿ.

ಹೆಸರಿನ ತೊಂದರೆ ನಮ್ಮ ಕಡೆಯವರಿಗೆ ತುಂಬಾ. ಶಾಲೆಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ, ಗಲ್ಫ್ ವೀಸಾದಲ್ಲಿ ಅಪ್ಪನ ಹೆಸರೂ ಸೇರಿ ಮೂರು ಹೆಸರು, ಅಮೆರಿಕದ ವೀಸಾದಲ್ಲಿ ಎಫ್‌ಎನ್‌ಯು, ಅಂದರೆ ಮೊದಲ ಹೆಸರು ಗೊತ್ತಿಲ್ಲ, ಅಂತ ಮುಂದೆ ಮೂರು ಅಕ್ಷರ. ಅರ್ಜಿಯಲ್ಲಿ ಒಂದೇ ಹೆಸರು ಬರೆದು ಸುಮ್ಮನಾಗಬೇಡಿ. ಬೇರೆ ಹೆಸರುಗಳು ಅಂತ ಜಾಗ ಇದ್ದಲ್ಲಿ ಎಲ್ಲವನ್ನೂ ಬರೆಯೋಣ, ಮದುವೆಗೆ ಮುಂಚಿನ ಹೆಸರೂ ಸೇರಿ.

ಎಷ್ಟು ದೇಶದ್ದು ಬೇಕು, ಯಾವ ತಾರೀಖಿನದ್ದು ಆಗಬೇಕು ಅನ್ನುವುದು ನೀವು ಹೋಗುವ ದೇಶದ ಮೇಲೆ. ಕೆನಡಾದ ಪಿಆರ್‌ಗೆ, ಅಂದರೆ ಕಾಯಂ ವಾಸಕ್ಕೆ, ಕಳೆದ 10 ವರ್ಷದಲ್ಲಿ ಒಂದೇ ಸಮನೆ 6 ತಿಂಗಳು ಅಥವಾ ಹೆಚ್ಚು ಇದ್ದ ಪ್ರತಿ ದೇಶದ್ದೂ ಬೇಕು, ಆಸ್ಟ್ರೇಲಿಯಾ ಮಾತ್ರ ಬಿಡಿ ಬಿಡಿಯಾಗಿ ಇದ್ದದ್ದನ್ನೂ ಕೂಡಿಸಿ ಒಟ್ಟು 12 ತಿಂಗಳು ನೋಡುತ್ತದೆ. ಕೆನಡಾಕ್ಕೆ ನೀವು ಬಿಟ್ಟು ಬಂದ ದೇಶದ ಸರ್ಟಿಫಿಕೇಟ್, ಕೊನೆಯ ಸಲ ಅಲ್ಲಿ ಇದ್ದು ಬಂದ ಮೇಲೆ ಕೊಟ್ಟದ್ದಾಗಿರಬೇಕು. 2019ರಲ್ಲಿ ತೆಗೆದಿಟ್ಟು, 2021ರವರೆಗೆ ಅಲ್ಲೇ ಇದ್ದು ಬಂದವರು ಇದೆ ಇದೆ ಅಂತ ಹಳೇದನ್ನು ತರುತ್ತಾರೆ. ಅದು ನಡೆಯುವುದಿಲ್ಲ. ಹಾಗೇ, ಭಾರತದ ಪಿಸಿಸಿ ಇದ್ದರೆ ಉಳಿದದ್ದು ಬೇಡ ಅಂತಲೂ ಅಲ್ಲ. ಅದು ಬೇರೆ, ಪಾಸ್‌ಪೋರ್ಟ್ ಸೇವಾದಲ್ಲಿ 500 ರೂಪಾಯಿ ಕಟ್ಟಿ ನೀವೇ ಮಾಡಿಕೊಳ್ಳಬಹುದು, 2022ರ ಸೆಪ್ಟೆಂಬರ್ ಕೊನೆಯಿಂದ ಅಂಚೆ ಕಚೇರಿಯ ಪಾಸ್‌ಪೋರ್ಟ್ ಕೇಂದ್ರಗಳಲ್ಲೂ ಅದಕ್ಕೆ ಅಪಾಯಿಂಟ್‌ಮೆಂಟ್ ಸಿಗುತ್ತದೆ. ಅದಕ್ಕೆ ನಮಗೆ ದುಡ್ಡು ಕೊಡಬೇಡಿ.

ಇನ್ನೊಂದು ಮಾತು, ಹೇಳಲು ಸ್ವಲ್ಪ ಕಷ್ಟ, ಆದರೂ ಹೇಳುತ್ತೇವೆ. ದುಬೈಯಲ್ಲಿ ಕಾರ್ಡ್ ಸಾಲ ಬಾಕಿ ಇಟ್ಟು ಬಂದವರು, ಚೆಕ್ ಬೌನ್ಸ್ ಆದವರು, ಸೌದಿಯಲ್ಲಿ ಹುರೂಬ್ ಬಿದ್ದವರು, ಅಂದರೆ ಕೆಲಸ ಬಿಟ್ಟು ಓಡಿಹೋದರು ಅಂತ ಮಾಲೀಕ ದೂರು ಕೊಟ್ಟವರು, ಅದನ್ನು ಮುಚ್ಚಿಟ್ಟು ಅರ್ಜಿ ಹಾಕಬೇಡಿ. ಕೆಲಸ ಹೋಗಿ, ಸಂಬಳ ಸಿಗದೆ, ಹೇಗೋ ಊರು ಸೇರಿದವರ ಕಷ್ಟ ನಮಗೆ ಗೊತ್ತಿದೆ, ನಮ್ಮ ಮನೆಗಳಲ್ಲೂ ಅಂಥವರಿದ್ದಾರೆ. ಯುಎಇಯಲ್ಲಿ 2022ರ ಜನವರಿ 2ರಿಂದ ಚೆಕ್ ಕಾನೂನು ಬದಲಾಗಿದೆ, ಖಾತೆಯಲ್ಲಿ ದುಡ್ಡಿಲ್ಲದೆ ಚೆಕ್ ವಾಪಸಾದ ಮಾತ್ರಕ್ಕೆ ಈಗ ಹೆಚ್ಚಿನ ಸಂದರ್ಭದಲ್ಲಿ ಕ್ರಿಮಿನಲ್ ಕೇಸ್ ಆಗುವುದಿಲ್ಲ. ಆದರೆ ಹಳೇ ಕೇಸು, ಬ್ಯಾಂಕಿನ ಕೇಸು ಏನಾಗಿದೆ ಅಂತ ಅಲ್ಲಿನ ವಕೀಲರಿಂದಲೇ ಮೊದಲು ತಿಳಿಯಬೇಕು. ನಮ್ಮ ಹತ್ತಿರ ಬಾಗಿಲು ಹಾಕಿಕೊಂಡು ಮಾತಾಡಿ, ಹೊರಗೆ ಹೋಗುವುದಿಲ್ಲ. ಆದರೆ ಅರ್ಜಿಯಲ್ಲಿ ಸುಳ್ಳು ಬರೆಯಲು ನಾವು ಸಹಾಯ ಮಾಡುವುದಿಲ್ಲ. ಸುಳ್ಳು ಹೇಳಿದ್ದು ಗೊತ್ತಾದರೆ ಕೆನಡಾ 5 ವರ್ಷ ಬಾಗಿಲು ಮುಚ್ಚಬಹುದು.

ದುಡ್ಡಿನ ವಿಷಯ. ಇಷ್ಟು ದಿನ ಒಂದು ದೇಶಕ್ಕೆ 7,000 ರೂಪಾಯಿ ತೆಗೆದುಕೊಳ್ಳುತ್ತಿದ್ದೆವು, ಅಲ್ಲಿನ ಫೀಸು ಬಿಟ್ಟು. ಇನ್ನು 1,200. ಅದರಲ್ಲಿ ಕಾಗದ ನೋಡುವುದು, ಅರ್ಜಿಗೆ ಪಕ್ಕದಲ್ಲಿ ಕೂರುವುದು, ಬೇಕಾದರೆ ಮೂರು ಬೆರಳಚ್ಚು ಕಾರ್ಡ್, ಆಮೇಲೆ ಬಂದ ಮೇಲ್‌ಗೆ ಏನು ಉತ್ತರ ಬರೆಯಬೇಕು ಅಂತ ಹೇಳುವುದು, ಎಲ್ಲ ಸೇರಿದೆ. ಇಮೇಲ್ ನೋಡಿ ಅಭ್ಯಾಸ ಇಲ್ಲದ ಹಿರಿಯರು ಮಗನನ್ನೋ ಮಗಳನ್ನೋ ಕರೆದುಕೊಂಡು ಬನ್ನಿ. ಯಾರೂ ಇಲ್ಲದಿದ್ದರೆ ನಿಮ್ಮ ಫೋನಿನಲ್ಲೇ ಮೇಲ್ ತೆರೆಯುವುದು ಕಲಿಸಿಕೊಡುತ್ತೇವೆ, ಪ್ರತಿ ಸೋಮವಾರ ಫೋನ್ ಮಾಡಿ ನೆನಪಿಸುತ್ತೇವೆ.

ಈಗಾಗಲೇ ನಮ್ಮ ಇಮೇಲಿನಿಂದ ಹೋಗಿರುವ ಅರ್ಜಿಗಳನ್ನು ನಡುವೆ ಬಿಡುವುದಿಲ್ಲ. ಅವು ಮುಗಿಯುವವರೆಗೆ ಆ ಮೇಲ್ ಅನ್ನು ಇಬ್ಬರು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡುತ್ತಾರೆ, ಬಂದ ಪ್ರತಿ ಮೇಲ್ ಅದೇ ದಿನ ನಿಮಗೆ ಕಳಿಸುತ್ತೇವೆ. ಹಳೇ ರಸೀದಿಗಳ ಕಾಪಿಯನ್ನೂ, ಹಣ ನಿಮ್ಮ ಪರವಾಗಿ ಕಟ್ಟಿದ್ದು ಅಂತ ನಮ್ಮ ಸಹಿಯ ಪತ್ರವನ್ನೂ ಈ ವಾರ ಎಲ್ಲರಿಗೂ ಕಳಿಸುತ್ತಿದ್ದೇವೆ, ತೆಗೆದಿಟ್ಟುಕೊಳ್ಳಿ. ನಮ್ಮ ಕಪಾಟಿನಲ್ಲಿ ಇನ್ನೂ ಕೆಲವರ ಹಳೇ ಪಾಸ್‌ಪೋರ್ಟ್‌ಗಳಿವೆ. ಹೆಸರಿರುವವರಿಗೆ ಫೋನ್ ಬರುತ್ತದೆ. ದಯವಿಟ್ಟು ತಿಂಗಳ ಕೊನೆಯೊಳಗೆ ಬಂದು ಸಹಿ ಹಾಕಿ ತೆಗೆದುಕೊಂಡು ಹೋಗಿ. ಶನಿವಾರ ಮಧ್ಯಾಹ್ನದವರೆಗೂ ಆಫೀಸು ತೆರೆದಿರುತ್ತದೆ.

ನಿಮ್ಮ,
ಉಡುಪಿ ಆಫೀಸಿನ ಎಲ್ಲರೂ