ಡಾಕ್ಟರ್ ಆದೆ, ಕಾಕಾ

ಮೊನ್ನೆ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಧಾರವಾಡದಿಂದ ಪುಣೆಗೆ ರಾತ್ರಿ ಬಸ್ಸಿನಲ್ಲಿ ಬಂದು ಕೊನೇ ಸಾಲಲ್ಲಿ ಕೂತ ಅಪ್ಪ-ಅಮ್ಮ, ಕರಡು ತಿದ್ದಿ ತಿದ್ದಿ ಸುಸ್ತಾದ ಗೈಡ್, ನನ್ನ ಪಾಲಿನ ಅಡುಗೆಯನ್ನೂ ಮಾಡಿದ ರೂಮಿನ ಗೆಳತಿಯರು, ಎಲ್ಲರಿಗೂ ಥ್ಯಾಂಕ್ಸ್. ನಿಮ್ಮ ಹೆಸರೆಲ್ಲಾ ಥೀಸಿಸ್‌ನಲ್ಲಿದೆ. ಅದನ್ನು ಓದಲಾಗದ ಒಬ್ಬರಿಗೆ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಲ್ಯಾಬಿನ ಅಟೆಂಡರ್ ಕಾಕಾ ಮಹಾರಾಷ್ಟ್ರದ ಗಡಿಭಾಗದ ಜತ್ತ ಕಡೆಯವರು. ಎಲ್ಲರ ಹತ್ತಿರ ಮರಾಠಿ, ನನ್ನ ಹತ್ತಿರ ಕನ್ನಡ. ನಾನು ಬೆಳೆಸುತ್ತಿದ್ದ ಎಂಸಿಎಫ್-7 ಎಂಬ ಸ್ತನ ಕ್ಯಾನ್ಸರ್ ಕೋಶಗಳು 1970ರಲ್ಲಿ ಅಮೆರಿಕದ ಒಬ್ಬ ಕ್ರೈಸ್ತ ಸನ್ಯಾಸಿನಿಯ ಎದೆಗೂಡಿನ ನೀರಿನಿಂದ ತೆಗೆದವು, ಆಕೆಗೆ ಆಗ 69 ವರ್ಷ ಅಂತ ಒಮ್ಮೆ ಹೇಳಿದ್ದೆ. ಆವತ್ತಿನಿಂದ ಕಾಕಾಗೆ ಆ ಕೋಶಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರ್ ಅಂದರೆ 'ಅಜ್ಜಿ ಮನಿ'.

ಗ್ರೀನ್ ಟೀ ಸಾರ ಈ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದಾ ಅಂತ ನೋಡುವುದೇ ನನ್ನ ಕೆಲಸ. ಆ ಮಳೆಗಾಲದ ವಾರ ಮಾತ್ರ ಯಾರಿಗೂ ಹೇಳಿಲ್ಲ. ಸಾರ ಹಾಕಿದರೆ ಕೋಶಗಳು ಚೆನ್ನಾಗಿ ಸಾಯುತ್ತಿದ್ದವು, ನಾನು ಹಿಗ್ಗಿದ್ದೆ. ಜೊತೆಗೆ ಹೈಡ್ರೋಜನ್ ಪೆರಾಕ್ಸೈಡ್ ಒಡೆಯುವ ಕ್ಯಾಟಲೇಸ್ ಎಂಬ ಕಿಣ್ವ ಹಾಕಿ ನೋಡಿದರೆ ಮುಕ್ಕಾಲುಪಾಲು ಬದುಕೇಬಿಟ್ಟವು. ಟೀಯಲ್ಲಿರುವ ಇಜಿಸಿಜಿ ಎಂಬ ಅಂಶ, ಕೋಶಗಳನ್ನು ಬೆಳೆಸುವ ದ್ರವದಲ್ಲೇ (ಮೀಡಿಯಮ್) ಕೆಟ್ಟು ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತದೆ. ನನ್ನ ತಟ್ಟೆಗಳಲ್ಲಿ ಕೊಲ್ಲುತ್ತಿದ್ದದ್ದು ಜಾಸ್ತಿ ಅದೇ, ಟೀ ನೇರವಾಗಿ ಅಲ್ಲ. ನನ್ನ ಹಿಗ್ಗೆಲ್ಲಾ ಇಳಿದುಹೋಯಿತು.

ಅದೇ ವಾರ ಒಂದು ರಾತ್ರಿ ಕರೆಂಟ್ ಹೋಯಿತು. ಜನರೇಟರ್ ಶುರುವಾಗಲಿಲ್ಲ. ಇನ್‌ಕ್ಯುಬೇಟರ್ 37 ಡಿಗ್ರಿಯಿಂದ ಇಳಿಯತೊಡಗಿತು. ನಿಜ ಹೇಳಲಾ? ನನಗೆ ಒಳಗೊಳಗೇ ಹಗುರ ಅನ್ನಿಸಿತು. "ಸಾಯಲಿ ಬಿಡ್ರಿ ಕಾಕಾ, ಎಲ್ಲಾ ಮುಗೀಲಿ" ಅಂದೆ. ಅಲ್ಲೇ ನೆಲದ ಮೇಲೆ ಕೂತು ಅತ್ತೆ.

ಅವರು ಟಾರ್ಚ್ ನನ್ನ ಕೈಗಿಟ್ಟರು. "ಸಾಯೂದಾದ್ರ ನಿನ್ನ ಚಾಕ್ಕ ಸಾಯ್ಲಿ ತಂಗಿ. ಕರೆಂಟಿಗೆ ಯಾಕ ಸಾಯಬೇಕು? ಏಳು, ಅಜ್ಜಿನ್ನ ಕರಕೊಂಡು ಹೋಗೂಣು."

ಪಕ್ಕದ ಕಟ್ಟಡದಲ್ಲಿ ಕರೆಂಟ್ ಇತ್ತು. ಬರ್ನರ್ ಮೇಲೆ ನೀರು ಕಾಯಿಸಿ ಬಾಟಲಿಗಳಿಗೆ ತುಂಬಿದರು. ಒಂದೊಂದನ್ನೂ ಕೆನ್ನೆಗೆ ಒತ್ತಿ, ಬಿಸಿ ಜಾಸ್ತಿಯಾಯಿತಾ ಅಂತ ನೋಡಿ ಥರ್ಮಾಕೋಲ್ ಡಬ್ಬಿಯಲ್ಲಿಟ್ಟರು. ನಾನು ಕೋಶಗಳಿದ್ದ ಫ್ಲಾಸ್ಕ್‌ಗಳ ಮುಚ್ಚಳ ಬಿಗಿ ಮಾಡಿ ಕೊಡುತ್ತಾ ಹೋದೆ. ಕೆಲವದರ ಕೆಂಪು ಮೀಡಿಯಮ್ ಆಗಲೇ ನೇರಳೆಗೆ ತಿರುಗುತ್ತಿತ್ತು, ಒಳ್ಳೆಯ ಲಕ್ಷಣವಲ್ಲ. ಇದ್ದದ್ದೊಂದು ಛತ್ರಿ. ಅದು ಡಬ್ಬಿಗೆ. ನಾವಿಬ್ಬರೂ ತೊಯ್ದು ತೊಪ್ಪೆ.

ಡ್ಯೂಟಿ ಮುಗಿದಿದ್ದರೂ ಕಾಕಾ ಬೆಳಗಾಗುವವರೆಗೆ ಪಕ್ಕದ ಕಟ್ಟಡದ ಇನ್‌ಕ್ಯುಬೇಟರ್ ಮುಂದೆ ಸ್ಟೂಲ್ ಹಾಕಿ ಕೂತರು, ಯಾರೂ ಸುಮ್ನೆ ಬಾಗಿಲು ತೆಗೆಯಬಾರದು ಅಂತ. ಸಮಾಧಾನದ ಮಾತು ಒಂದೂ ಆಡಲಿಲ್ಲ. ಆಡಿದ್ದರೆ ನಾನು ಊರಿಗೆ ಹೊರಟುಬಿಡುತ್ತಿದ್ದೆನೇನೋ.

ಕೋಶಗಳು ಉಳಿದವು. ಕ್ಯಾಟಲೇಸ್ ಪ್ರಯೋಗವೇ ಒಂದು ಅಧ್ಯಾಯವಾಯಿತು, ವೈವಾದಲ್ಲಿ ಜಾಸ್ತಿ ಪ್ರಶ್ನೆ ಬಂದದ್ದೂ ಅದರ ಮೇಲೆಯೇ.

ಮತ್ತೆ, ಫೋನ್ ಮಾಡಿ "ಹಂಗಾದ್ರ ಗ್ರೀನ್ ಟೀ ಕುಡೀಲೇನು?" ಅಂತ ಕೇಳಿದ ಚಿಕ್ಕಮ್ಮಂದಿರಿಗೆ: ರುಚಿಸಿದರೆ ಕುಡಿಯಿರಿ. ನಾವು ತಟ್ಟೆಗೆ ಹಾಕುವಷ್ಟು ಸಾರ ಎಷ್ಟು ಕಪ್ ಕುಡಿದರೂ ರಕ್ತಕ್ಕೆ ಸೇರುವುದಿಲ್ಲ. ಅದರ ಮಾತ್ರೆಗಳನ್ನು ಮಾತ್ರ ಡಾಕ್ಟರನ್ನು ಕೇಳದೆ ನುಂಗಬೇಡಿ, ಜಾಸ್ತಿಯಾದರೆ ಲಿವರ್‌ಗೆ ಪೆಟ್ಟು. ನನ್ನನ್ನಲ್ಲ, ನಿಜವಾದ ಡಾಕ್ಟರನ್ನು.

ಕಾಕಾ, ಸೋಮವಾರ ಪೇಢೆ ತರುತ್ತೇನೆ. ಒಂದೇ ತಿನ್ನಿ, ಕಾಕುಗೆ ಹೇಳುವುದಿಲ್ಲ.