ಐಇಸಿ ಬಂತು, ಕಂಟೇನರ್ ತುಂಬುವುದು ಹೇಗೆ?

ಮಾನ್ಯ ಸಂಪಾದಕರೇ,

ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಸಣ್ಣ ಕಾಫಿ ಬೆಳೆಗಾರರಿಗೆ, ಮೆಣಸು ಮತ್ತು ಕಾಫಿ ಪುಡಿ ಮಾರುವ ಸಣ್ಣ ವ್ಯಾಪಾರಿಗಳಿಗೆ ‘ನೀವೂ ರಫ್ತುದಾರರಾಗಿ’ ಎಂದು ಹುರಿದುಂಬಿಸುವ ತರಬೇತಿಗಳು ಆಗಾಗ ನಡೆಯುತ್ತವೆ. ಹೆಚ್ಚಿನವು ಐಇಸಿ, ಅಂದರೆ ಆಮದು-ರಫ್ತುದಾರರ ಗುರುತಿನ ಸಂಖ್ಯೆ ಪಡೆಯುವುದು ಹೇಗೆ ಎಂಬಲ್ಲಿಗೆ ಮುಗಿಯುತ್ತವೆ. ಇಡೀ ವ್ಯವಹಾರದಲ್ಲಿ ಅತ್ಯಂತ ಸುಲಭದ ಕೆಲಸ ಅದು. ಕೇಂದ್ರದ ವಿದೇಶ ವ್ಯಾಪಾರ ನಿರ್ದೇಶನಾಲಯದ (ಡಿಜಿಎಫ್‌ಟಿ) ಜಾಲತಾಣದಲ್ಲಿ ಪ್ಯಾನ್, ವಿಳಾಸ, ಬ್ಯಾಂಕ್ ಖಾತೆಯ ವಿವರ ಹಾಕಿ 500 ರೂಪಾಯಿ ಕಟ್ಟಿದರೆ ಸಂಖ್ಯೆ ಬರುತ್ತದೆ. ಪ್ರತಿವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ, ಏನೂ ಬದಲಾಗದಿದ್ದರೂ, ಅದೇ ಜಾಲತಾಣಕ್ಕೆ ಹೋಗಿ ವಿವರ ದೃಢೀಕರಿಸಬೇಕು. ಮರೆತರೆ ಐಇಸಿ ನಿಷ್ಕ್ರಿಯವಾಗುತ್ತದೆ, ಅದು ಗೊತ್ತಾಗುವುದು ಸಾಮಾನ್ಯವಾಗಿ ಸರಕು ಹೊರಡುವ ದಿನವೇ. ಕಾಫಿಗೆ ಕಾಫಿ ಮಂಡಳಿಯಲ್ಲಿ, ಮೆಣಸು, ಏಲಕ್ಕಿಗೆ ಸಾಂಬಾರ ಮಂಡಳಿಯಲ್ಲಿ ರಫ್ತುದಾರರಾಗಿ ನೋಂದಣಿ, ಬ್ಯಾಂಕಿನ ಎಡಿ ಕೋಡನ್ನು (ವಿದೇಶಿ ವಿನಿಮಯದ ಗುರುತು ಸಂಖ್ಯೆ) ಕಸ್ಟಮ್ಸ್ ಜಾಲತಾಣದಲ್ಲಿ ಸೇರಿಸುವುದು, ಜಿಎಸ್‌ಟಿಯಲ್ಲಿ ವರ್ಷಕ್ಕೊಮ್ಮೆ ಎಲ್‌ಯುಟಿ (ತೆರಿಗೆ ಕಟ್ಟದೆ ರಫ್ತು ಮಾಡಲು ಕೊಡುವ ಮುಚ್ಚಳಿಕೆ) ಸಲ್ಲಿಸುವುದು, ಇವೆಲ್ಲ ಕೂತು ಮಾಡಿದರೆ ಮುಗಿಯುವ ಕೆಲಸಗಳೇ.

ತೊಡಕು ಶುರುವಾಗುವುದು ಆಮೇಲೆ. 20 ಅಡಿಯ ಒಂದು ಕಂಟೇನರ್‌ಗೆ 60 ಕೆ.ಜಿ.ಯ 320 ಚೀಲ, ಅಂದರೆ 19.2 ಟನ್ ಕ್ಲೀನ್ ಕಾಫಿ (ಸಿಪ್ಪೆ ತೆಗೆದ ಹಸಿ ಬೀಜ) ಬೇಕು. 50 ಕೆ.ಜಿ. ಅರೇಬಿಕಾ ಪಾರ್ಚ್‌ಮೆಂಟ್‌ನಿಂದ (ತಿರುಳು ತೆಗೆದು ಒಣಗಿಸಿದ, ಒಳಸಿಪ್ಪೆ ಇರುವ ಬೀಜ) ಸುಮಾರು 40 ಕೆ.ಜಿ. ಕ್ಲೀನ್ ಸಿಗುತ್ತದೆ ಎಂದಿಟ್ಟುಕೊಂಡರೆ 480 ಮೂಟೆ ಪಾರ್ಚ್‌ಮೆಂಟ್ ಆಯಿತು. ಎಕರೆಗೆ 200 ಕೆ.ಜಿ. ಕ್ಲೀನ್ ಲೆಕ್ಕ ಹಿಡಿದರೆ 5 ಎಕರೆಯವರ ಕೈಯಲ್ಲಿರುವುದು 1 ಟನ್. ಅಂಥ 19-20 ಮಂದಿ ಕೂಡಿದರೆ ಒಂದು ಕಂಟೇನರ್. ಆದ್ದರಿಂದ ಸಣ್ಣವರ ರಫ್ತು ಎಂದರೆ ಒಂದೋ ಗುಂಪಿನ ರಫ್ತು, ಇಲ್ಲವೇ ಕೆಲವೇ ಮೂಟೆಯ ವಿಶೇಷ ಕಾಫಿ. ಇವೆರಡರ ನಡುವೆ 3-4 ಟನ್ ಇಟ್ಟುಕೊಂಡು ಒಬ್ಬರೇ ಹೊರಟವರಿಗೆ ಸಾಗಣೆ ಖರ್ಚೇ ಲಾಭ ನುಂಗುತ್ತದೆ.

ಗುಂಪು ಕಟ್ಟಿದರೂ ಕೆಡುವುದು ಒಂದೇ ಕಡೆ: ತೇವಾಂಶ. ಅರೇಬಿಕಾ ಪಾರ್ಚ್‌ಮೆಂಟ್ 10, ಅರೇಬಿಕಾ ಚೆರ್ರಿ (ಹಣ್ಣನ್ನು ಇಡಿಯಾಗಿ ಒಣಗಿಸಿದ್ದು) 10.5, ರೋಬಸ್ಟಾ ಚೆರ್ರಿ 11 ಶೇಕಡಾಕ್ಕೆ ಒಣಗಬೇಕು. ಇಪ್ಪತ್ತು ಮಂದಿಯ ಪೈಕಿ ಇಬ್ಬರ ಕಾಫಿ 13-14ರಲ್ಲಿದ್ದರೆ ಗೋದಾಮಿನಲ್ಲಿ ಅದರ ತೇವ ಪಕ್ಕದ ಮೂಟೆಗಳಿಗೂ ಹರಡುತ್ತದೆ. ಬೀಜದ ಹಸಿರುನೀಲಿ ಬಣ್ಣ ಮಾಸಿ ಬಿಳಿಚಿಕೊಳ್ಳುತ್ತದೆ, ಕಪ್‌ನಲ್ಲಿ ಮುಗ್ಗಲು ವಾಸನೆ ಬರುತ್ತದೆ. ಬೂಷ್ಟಿನ ಜತೆಗೆ ಹುಟ್ಟುವ ಓಕ್ರಾಟಾಕ್ಸಿನ್ ಎಂಬ ವಿಷಕ್ಕೆ ಯುರೋಪಿನಲ್ಲಿ ಹುರಿದ ಕಾಫಿಗೆ ಇರುವ ಮಿತಿ ಕೆ.ಜಿ.ಗೆ 3 ಮೈಕ್ರೋಗ್ರಾಂ. 2023ಕ್ಕೆ ಮೊದಲು 5 ಇತ್ತು. ಹುರಿಯುವವನಿಗೆ ಮಿತಿ ಬಿಗಿಯಾದರೆ ಹಸಿ ಬೀಜ ಕೊಳ್ಳುವಾಗ ಅವನೂ ಬಿಗಿಯಾಗುತ್ತಾನೆ.

ಒಣಗಿಸುವುದು ನಮ್ಮವರಿಗೆ ಹೊಸದಲ್ಲ, ಆದರೂ ಕೊಯ್ಲಿನ ಗಡಿಬಿಡಿಯಲ್ಲಿ ತಪ್ಪುವುದು ಇಲ್ಲೇ. ಚೆರ್ರಿಯನ್ನು ಕಣದಲ್ಲಿ 8 ಸೆಂ.ಮೀ.ಗಿಂತ ದಪ್ಪ ಹರಡಬಾರದು. ಗಂಟೆಗೊಮ್ಮೆ ಕೈಯಾಡಿಸಬೇಕು. ಸಂಜೆ ಗುಡ್ಡೆ ಮಾಡಿ ಮುಚ್ಚಬೇಕು. ಬಿಸಿಲಲ್ಲಿ ಕಾದ ಕಾಫಿಗೆ ನೇರವಾಗಿ ಟಾರ್ಪಾಲ್ ಬಿಗಿದರೆ ಒಳಗೆ ಬೆವರಿ, ಹಗಲು ಒಣಗಿದ್ದು ರಾತ್ರಿ ಮತ್ತೆ ನೆನೆಯುತ್ತದೆ. ಮೀಟರ್ ಇಲ್ಲದಿದ್ದರೆ ಹಳೆಯ ಫೋರ್ಲಿಟ್ ಎಂಬ ಅಳತೆ ಡಬ್ಬವೇ ಸಾಕು: ಅದರ ತುಂಬ ಅಳೆದ ಕಾಫಿ ಎರಡು ದಿನ ಒಂದೇ ತೂಕ ಬಂದರೆ ಒಣಗಿದೆ ಎಂದರ್ಥ. ಮೀಟರ್ ಇದ್ದವರು ಪಾರ್ಚ್‌ಮೆಂಟ್ ಅಳೆಯುವಾಗ ಕ್ಲೀನ್ ಕಾಫಿಯ ಸೆಟ್ಟಿಂಗ್ ಇಟ್ಟಿರುತ್ತಾರೆ. ಆಗ ಅದು ತೋರಿಸುವ ಅಂಕಿಯನ್ನು ನಂಬುವಂತಿಲ್ಲ.

ಮೆಣಸಿನದು ಬೇರೆ ಕತೆ. ಕೊಳ್ಳುವವರು ಕೇಳುವುದು ಲೀಟರ್ ತೂಕ (ಒಂದು ಲೀಟರ್ ಅಳತೆಯ ಮೆಣಸಿನ ತೂಕ), ತೇವಾಂಶ, ಸಾಲ್ಮೊನೆಲ್ಲಾ ರೋಗಾಣು ಪರೀಕ್ಷೆ. ಬಿಡಿಸಿದ ಹಸಿ ಮೆಣಸನ್ನು ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆದರೆ ಬಣ್ಣ ಒಂದೇ ಸಮ ಕಪ್ಪಾಗುತ್ತದೆ, ಬೇಗ ಒಣಗುತ್ತದೆ, ಸೂಕ್ಷ್ಮಾಣುಗಳೂ ತಗ್ಗುತ್ತವೆ. ಅದನ್ನೇ ಒಯ್ದು ಕೋಳಿ, ನಾಯಿ ಓಡಾಡುವ ನೆಲದ ಮೇಲೆ ಹರಡಿದರೆ ಮಾಡಿದ್ದೆಲ್ಲ ದಂಡ.

ಸ್ಯಾಂಪಲ್ ವಿಚಾರದಲ್ಲಿ ನಮ್ಮ ಸಣ್ಣವರು ಮಾಡುವ ತಪ್ಪು ಮೋಸವಲ್ಲ, ಅಭಿಮಾನ. ಆರಿಸಿದ, ಹೊಳೆಯುವ ಬೀಜದ 300 ಗ್ರಾಂ ಕಳುಹಿಸುತ್ತಾರೆ. ಆರ್ಡರ್ ಬಂದಾಗ ಹೋಗುವುದು ಮಾತ್ರ ಗೋದಾಮಿನ ಸರಾಸರಿ ಮಾಲು. ಹಡಗು ಹತ್ತುವ ಮುನ್ನ ಇನ್ನೊಂದು ಸ್ಯಾಂಪಲ್ ಹೋಗುತ್ತದೆ, ಅದು ಮೊದಲನೆಯದಕ್ಕೆ ಹೊಂದದಿದ್ದರೆ ಒಪ್ಪಂದ ಅಲ್ಲಿಗೇ ನಿಂತಿತು. ಕ್ಯೂರಿಂಗ್ (ಸಿಪ್ಪೆ ತೆಗೆದು ದರ್ಜೆ ವಿಂಗಡಿಸುವುದು) ಆದ ಮೇಲೆ ಹಲವು ಚೀಲಗಳಿಂದ ತೆಗೆದು ಬೆರೆಸಿದ್ದನ್ನೇ ಕಳುಹಿಸಿ. ಅದರ ಮೇಲೆ ಲಾಟ್ ಸಂಖ್ಯೆ, ಗ್ರೇಡ್, ಬೆಳೆ ವರ್ಷ, ತೇವಾಂಶ ಬರೆಯಿರಿ. ಅದೇ ಬೆರಕೆಯ ಒಂದು ಪೊಟ್ಟಣ ನಿಮ್ಮ ಬಳಿಯೂ ಮುಚ್ಚಿಟ್ಟಿರಲಿ. ಜಗಳ ಬಂದರೆ ಅದೇ ಸಾಕ್ಷಿ. ಚೀಲವೂ ಆಹಾರ ದರ್ಜೆಯ ಸೆಣಬಿನದೇ ಆಗಬೇಕು. ಮಾಮೂಲಿ ಗೋಣಿಯ ನಾರಿಗೆ ಬಳಸಿದ ಖನಿಜ ತೈಲದ ವಾಸನೆಯನ್ನು ಕಾಫಿ ಹೀರಿಕೊಳ್ಳುತ್ತದೆ.

ಬೆಲೆಯ ಲೆಕ್ಕವನ್ನೂ ತರಬೇತಿಯಲ್ಲಿ ಯಾರಾದರೂ ಬೋರ್ಡಿನ ಮೇಲೆ ಬರೆದು ತೋರಿಸಬೇಕು. ನ್ಯೂಯಾರ್ಕ್ ಪೇಟೆಯ ಅರೇಬಿಕಾ ದರ ಪೌಂಡಿಗೆ 300 ಸೆಂಟ್ ಎಂದರೆ ಕೆ.ಜಿ.ಗೆ 6.61 ಡಾಲರ್. 50 ಕೆ.ಜಿ. ಪಾರ್ಚ್‌ಮೆಂಟ್ ಮೂಟೆಗೆ, ಅದರೊಳಗಿನ 40 ಕೆ.ಜಿ. ಕ್ಲೀನ್‌ಗೆ, 264 ಡಾಲರ್. ಕ್ಯೂರಿಂಗ್, ಚೀಲ, ಘಟ್ಟ ಇಳಿದು ಮಂಗಳೂರು ಬಂದರಿಗೆ ಲಾರಿ, ಕಸ್ಟಮ್ಸ್ ಏಜೆಂಟ್, ಸಸ್ಯ ಆರೋಗ್ಯ ಪ್ರಮಾಣಪತ್ರ, ಬ್ಯಾಂಕ್ ಶುಲ್ಕ, ಕೆಳದರ್ಜೆಯ ಬಿಟ್ಸ್, ಬ್ಲ್ಯಾಕ್ಸ್ (ಒಡೆದ, ಕಪ್ಪಾದ ಬೀಜ) ಕಳೆದು ಉಳಿಯುವುದೇ ನಿಮ್ಮದು. ವಾಟ್ಸ್ಆ್ಯಪ್‌ನಲ್ಲಿ ಬಂದ ನ್ಯೂಯಾರ್ಕ್ ದರ ತೋರಿಸಿ ಊರಿನ ವ್ಯಾಪಾರಿಯೊಡನೆ ಜಗಳಕ್ಕೆ ನಿಲ್ಲುವವರು ಈ ಕಳೆಯುವ ಲೆಕ್ಕ ಮಾಡಿರುವುದಿಲ್ಲ. ವ್ಯಾಪಾರಿ ಅದನ್ನು ಬಿಡಿಸಿ ಹೇಳುವುದೂ ಇಲ್ಲ, ಅನ್ನಿ.

ಹಣ ಮುಳುಗುವುದು ಹೇಗೆ ಎಂಬುದು ಎಲ್ಲಕ್ಕಿಂತ ಮುಖ್ಯ. ಹಡಗಿನ ಸರಕಿಗೆ ಮೂಲ ಬಿಲ್ ಆಫ್ ಲೇಡಿಂಗ್ (ಹಡಗು ಕಂಪನಿ ಕೊಡುವ ಸರಕಿನ ಪತ್ರ) ಯಾರ ಕೈಯಲ್ಲಿದೆಯೋ ಮಾಲು ಅವರದು. ಅದನ್ನು ಬ್ಯಾಂಕಿನ ಮೂಲಕವೇ ಕಳುಹಿಸಬೇಕು. ಕೊಳ್ಳುವವನು ದುಡ್ಡು ಕಟ್ಟಿದ ಮೇಲೆ ಅವನ ಬ್ಯಾಂಕ್ ಕಾಗದ ಬಿಡುತ್ತದೆ. ‘ತುರ್ತು ಇದೆ, ಮೂಲ ಪ್ರತಿ ನೇರ ನನಗೇ ಕೊರಿಯರ್ ಮಾಡಿ’ ಎಂದು ಕೇಳಿದರೆ ಒಪ್ಪಲೇಬಾರದು. ವಿಮಾನದ ಏರ್‌ವೇ ಬಿಲ್‌ಗೆ ಈ ಶಕ್ತಿ ಇಲ್ಲ. ಅದು ಬರೀ ಸಾಗಣೆಯ ರಸೀದಿ. ವಿಳಾಸದಲ್ಲಿ ಯಾರ ಹೆಸರಿದೆಯೋ ಅವರು ದುಡ್ಡು ಕೊಡದೆಯೂ ಮಾಲು ಬಿಡಿಸಿಕೊಳ್ಳಬಹುದು. ಆದ್ದರಿಂದ ವಿಮಾನ, ಅಂಚೆ, ಕೊರಿಯರ್‌ನಲ್ಲಿ ಹೋಗುವ ಸಣ್ಣ ಸರಕಿಗೆ ಪೂರ್ತಿ ಮುಂಗಡವೇ ಸರಿ. ಸಾಲದ ಮೇಲೆ ಕೊಡಲೇಬೇಕಾದರೆ ಸರ್ಕಾರಿ ಸಂಸ್ಥೆ ಇಸಿಜಿಸಿಯ ರಫ್ತು ಸಾಲ ವಿಮೆ ಮಾಡಿಸಿ.

ಪೊಟ್ಟಣದ ಹುರಿದ ಕಾಫಿ, ಮೆಣಸಿನ ಪುಡಿ ಮಾಡುವ ಮಹಿಳಾ ಸಂಘಗಳಿಗೆ ಕಂಟೇನರ್ ಮಾತೇ ಬೇಡ. ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರಗಳಲ್ಲಿ ಕಸ್ಟಮ್ಸ್ ಕಾಗದವನ್ನು ಆನ್‌ಲೈನಿನಲ್ಲೇ ತುಂಬಿ ಪಾರ್ಸೆಲ್ ಕಳುಹಿಸಬಹುದು. ಆದರೆ ಅಮೆರಿಕಕ್ಕೆ ಆಹಾರ ಮಾರಲು ಅಲ್ಲಿನ ಆಹಾರ, ಔಷಧ ನಿಯಂತ್ರಕ ಎಫ್‌ಡಿಎಯಲ್ಲಿ ನೋಂದಣಿ, ಅಲ್ಲೊಬ್ಬ ಏಜೆಂಟ್, ಪ್ರತಿ ಸರಕಿಗೂ ಮುಂಚಿತ ಸೂಚನೆ ಬೇಕು. ನೋಂದಣಿಯನ್ನು ಸಮ ವರ್ಷಗಳ ಅಕ್ಟೋಬರ್-ಡಿಸೆಂಬರ್‌ನಲ್ಲಿ ನವೀಕರಿಸದಿದ್ದರೆ ರದ್ದಾಗುತ್ತದೆ. ಯುರೋಪಿಗೆ ಹಸಿ ಬೀಜಕ್ಕೆ ಸುಂಕ ಇಲ್ಲ, ಹುರಿದದ್ದಕ್ಕೆ ಸಾಮಾನ್ಯ ಸುಂಕ 7.5 ಶೇಕಡಾ. ‘ಮೌಲ್ಯವರ್ಧನೆ ಮಾಡಿ’ ಎನ್ನುವವರು ಇದನ್ನೂ ಹೇಳಬೇಕು.

ಯುರೋಪಿನ ಅರಣ್ಯನಾಶ ತಡೆ ನಿಯಮದ ಜಾರಿ ಮುಂದಕ್ಕೆ ಹೋಗುತ್ತಲೇ ಇರುವುದರಿಂದ ಜನ ಅದನ್ನು ಮರೆತಂತಿದೆ. ಅಲ್ಲಿಗೆ ಹೋಗುವ ಕಾಫಿ 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ್ದಲ್ಲ ಎಂದು ತೋರಿಸಬೇಕು. 4 ಹೆಕ್ಟೇರ್ ಒಳಗಿನ, ಅಂದರೆ ಸುಮಾರು 10 ಎಕರೆಯೊಳಗಿನ ತಾಕಿಗೆ ಒಂದೇ ಜಿಪಿಎಸ್ ಬಿಂದು, ದಶಮಾಂಶದ ಆರು ಅಂಕಿಗಳೊಂದಿಗೆ, ಸಾಕು. ಗಡಿ ಸುತ್ತುವ ಅಗತ್ಯವಿಲ್ಲ. ಸಿಲ್ವರ್ ಮರಗಳ ದಟ್ಟ ನೆರಳಲ್ಲಿ ಮೊಬೈಲ್ ತಪ್ಪು ಜಾಗ ತೋರಿಸುತ್ತದೆ, ತೋಟದೊಳಗೇ ಬಯಲಾದ ಕಡೆ ನಿಂತು ಬಿಂದು ಹಿಡಿಯಬೇಕು. ಪಟ್ಟಣದ ಮನೆಯಲ್ಲಿ ಕೂತು ತುಂಬಿದರೆ ನಿಮ್ಮ ಕಾಫಿ ಬಸ್ ನಿಲ್ದಾಣದ ಪಕ್ಕ ಬೆಳೆದಂತಾಗುತ್ತದೆ. ಈ ನಿಯಮ ಬೆಳೆ ನಮ್ಮ ದೇಶದ ಕಾನೂನಿನಂತೆ ಬೆಳೆದದ್ದೇ ಎಂದೂ ಕೇಳುತ್ತದೆ. ಪೋಡಿ ಆಗದ ಜಂಟಿ ಪಹಣಿ, ಒತ್ತುವರಿ ಜಾಗದ ಗುತ್ತಿಗೆ ಅರ್ಜಿಗಳು ಇತ್ಯರ್ಥವಾಗದೆ ಮಲೆನಾಡಿನ ಸಣ್ಣವರು ಅಲ್ಲಿ ಸಿಕ್ಕಿಬೀಳುತ್ತಾರೆ. ಇದು ಕಂದಾಯ ಇಲಾಖೆ ಬಿಡಿಸಬೇಕಾದ ಗಂಟು, ಬೆಳೆಗಾರರ ಕೈಲಿಲ್ಲ.

ಜಿಲ್ಲಾಡಳಿತಗಳಲ್ಲಿ ಕೇಳುವುದು ಇಷ್ಟು. ಇನ್ನೊಂದು ಸಭಾಂಗಣದ ತರಬೇತಿಯ ಬದಲು ಮೂಡಿಗೆರೆ, ಕೊಪ್ಪ, ಸಕಲೇಶಪುರ, ಬೇಲೂರುಗಳಲ್ಲಿ ತಲಾ ಒಂದು ಕೋಣೆ ಕೊಡಿ. ಅಲ್ಲಿ ತಪಾಸಣೆಯಾದ ತೇವಾಂಶ ಮೀಟರ್, ಗ್ರೇಡ್ ಜರಡಿಗಳು, ಸಣ್ಣ ಸ್ಯಾಂಪಲ್ ರೋಸ್ಟರ್, ಕಪ್ ಮಾಡಿ ರುಚಿ ನೋಡಬಲ್ಲ ಒಬ್ಬರು ಇರಲಿ. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ, ಸಕಲೇಶಪುರದಲ್ಲಿರುವ ಏಲಕ್ಕಿ ಸಂಶೋಧನಾ ಕೇಂದ್ರಗಳ ತಜ್ಞರನ್ನು ವಾರಕ್ಕೊಂದು ದಿನ ಕರೆಸಿದರೂ ಕೆಲಸ ನಡೆಯುತ್ತದೆ. ಅರೇಬಿಕಾ ಕೊಯ್ಲು ನವೆಂಬರಿಗೆ ಶುರು. ಮೀಟರ್ ಅಕ್ಟೋಬರ್ ಒಳಗೆ ಬರಬೇಕು, ಮಾರ್ಚಿನಲ್ಲಿ ಉದ್ಘಾಟನೆ ಇಟ್ಟುಕೊಂಡರೆ ಆ ವರ್ಷದ ಕಾಫಿ ಅಷ್ಟರಲ್ಲಿ ವ್ಯಾಪಾರಿಯ ಗೋದಾಮು ಸೇರಿರುತ್ತದೆ.

ಇತಿ,
ಕಾಫಿ, ಮೆಣಸು ವಹಿವಾಟು ಬಲ್ಲ ಕೆಲವು ಓದುಗರು
ಮೂಡಿಗೆರೆ