ಪೆನ್ ಡ್ರೈವಿನಲ್ಲಿ ಜಾರ್ ಫೈಲ್ ಹಂಚುವುದು ಇನ್ನು ಸಾಕು, ನಿಲ್ಲಿಸಿ

ಸಂಪಾದಕರೇ,

ತುಮಕೂರಿನ ಒಂದು ಕಾಲೇಜಿನ ಲ್ಯಾಬಿನಲ್ಲಿ ಈಗಲೂ ಹಳೇ ಬ್ಯಾಚಿನವರು ಬಿಟ್ಟುಹೋದ ಜಾರ್ ಫೈಲುಗಳನ್ನೇ, ಅಂದರೆ ಜಾವಾ ಲೈಬ್ರರಿಗಳ (ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ) ಕಟ್ಟುಗಳನ್ನೇ, ಪೆನ್ ಡ್ರೈವಿನಲ್ಲಿ ತಂದು ಪ್ರಾಜೆಕ್ಟಿಗೆ ಸೇರಿಸುತ್ತಾರೆ. ಯಾವ ವರ್ಷನ್ ಅಂತ ಕೇಳಿದರೆ ಯಾರಿಗೂ ಗೊತ್ತಿಲ್ಲ. 2021ರ ಡಿಸೆಂಬರಿನಲ್ಲಿ, ಜಾವಾ ಪ್ರೋಗ್ರಾಮುಗಳು ತಮ್ಮ ಕೆಲಸದ ದಾಖಲೆ ಬರೆದಿಡಲು ಬಳಸುವ ಲಾಗ್‌ಫೋರ್‌ಜೆ ಲೈಬ್ರರಿಯಲ್ಲಿ ದೊಡ್ಡ ಭದ್ರತಾ ತೂತು ಸಿಕ್ಕಾಗ ದೊಡ್ಡ ದೊಡ್ಡ ಕಂಪನಿಗಳೇ ಪರದಾಡಿದ್ದು ಇದೇ ಪ್ರಶ್ನೆಗೆ: ನಮ್ಮ ಸಾಫ್ಟ್‌ವೇರಿನೊಳಗೆ ಅದು ಇದೆಯಾ, ಇದ್ದರೆ ಯಾವ ವರ್ಷನ್?

ಒಂದು ಲೈಬ್ರರಿ ಕೇಳಿದರೆ ಅದು ತನಗೆ ಬೇಕಾದ್ದನ್ನೂ ಜೊತೆಗೆ ತರುತ್ತದೆ, ಮದುವೆಗೆ ಒಬ್ಬರನ್ನು ಕರೆದರೆ ಮನೆಮಂದಿಯೆಲ್ಲ ಬಂದ ಹಾಗೆ. ಮೇವನ್, ಗ್ರೇಡಲ್ ಎಂಬ ಬಿಲ್ಡ್ ಟೂಲುಗಳು (ಬೇಕಾದ ಲೈಬ್ರರಿಗಳನ್ನು ತಾವೇ ಇಳಿಸಿ ಪ್ರಾಜೆಕ್ಟ್ ಕಟ್ಟಿಕೊಡುವ ಸಾಧನಗಳು) ಇರುವುದೇ ಇದನ್ನು ಸಂಭಾಳಿಸಲು. ಆದರೆ ಒಂದೇ ಲೈಬ್ರರಿಯ ಎರಡು ವರ್ಷನ್ ಎದುರಾದರೆ ಗ್ರೇಡಲ್ ಸಾಮಾನ್ಯವಾಗಿ ಹೊಸದನ್ನು ಆರಿಸುತ್ತದೆ, ಮೇವನ್ ಮಾತ್ರ ಡಿಪೆಂಡೆನ್ಸಿ ಟ್ರೀಯಲ್ಲಿ (ಯಾವ ಲೈಬ್ರರಿ ಯಾವುದನ್ನು ತಂದಿತು ಅಂತ ತೋರಿಸುವ ಮರದಂಥ ಪಟ್ಟಿಯಲ್ಲಿ) ನಮ್ಮ ಪ್ರಾಜೆಕ್ಟಿಗೆ ಹತ್ತಿರ ಇರುವುದನ್ನು, ಅದು ಹಳೇದಾದರೂ ಸರಿ. ಇದು ಗೊತ್ತಿಲ್ಲದೆ, ಕಂಪೈಲ್ ಆದ ಕೋಡ್ ಓಡುವಾಗ ಯಾಕೆ ಬೀಳುತ್ತದೆ ಅಂತ ಹುಡುಗರು ಸುಮ್ನೆ ತಲೆ ಕೆಡಿಸಿಕೊಳ್ಳುತ್ತಾರೆ. ಆ ಟ್ರೀಯನ್ನು ಒಂದು ಕಮಾಂಡಿನಲ್ಲಿ ನೋಡಬಹುದು ಅಲ್ವಾ?

ಲ್ಯಾಬಿನಲ್ಲಿ ಇಂಟರ್ನೆಟ್ ನಿಧಾನ ಅನ್ನುವುದು ನೆಪ. ಒಮ್ಮೆ ಇಳಿಸಿಕೊಂಡ ಲೈಬ್ರರಿ ಆ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಮೇಷ್ಟ್ರುಗಳು ಪ್ರಾಜೆಕ್ಟಿಗೆ ಮಾರ್ಕ್ಸ್ ಕೊಡುವ ಮುಂಚೆ ಲೈಬ್ರರಿಗಳ ಹೆಸರು, ವರ್ಷನ್ ಬರೆದಿಡುವ ಬಿಲ್ಡ್ ಫೈಲನ್ನೂ ತೆಗೆಸಿ ನೋಡಲಿ.

ಒಬ್ಬ ಓದುಗ, ತುಮಕೂರು